ಮೊದಲು ವಕಾಲತ್ತು

ಆ ಮನೆಯಲ್ಲಿ ಈಗಲೂ ಸಂಜೆ ಟಿವಿ ಹಾಕುತ್ತಾರೆ. ನಾನು ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದರೆ ಗೋಡೆಯಾಚೆಯಿಂದ ಸದ್ದು ಕೇಳುತ್ತದೆ. ಧಾರಾವಾಹಿಯವರ ಅಳು ಕೇಳುತ್ತದೆ, ಜಗಳ ಕೇಳುತ್ತದೆ, ಆಮೇಲೆ ಸೋಪಿನ ಪುಡಿಯ ಜಾಹೀರಾತು ಪೂರ್ತಿ ಗಂಟಲಿನಲ್ಲಿ ಕೇಳುತ್ತದೆ. ಅಳುವಿಗೂ ಜಗಳಕ್ಕೂ ನನಗೆ ಏನೂ ಆಗುವುದಿಲ್ಲ. ಜಾಹೀರಾತು ಕೇಳಿದಾಗ ಮಾತ್ರ ಮಿಷನ್ ಮೇಲಿನ ಕೈ ನಿಲ್ಲುತ್ತದೆ. ಅವರು ಇದ್ದಷ್ಟು ಕಾಲ ಆ ಮನೆಯಲ್ಲಿ ಜಾಹೀರಾತಿಗೆ ಸದ್ದಿರಲಿಲ್ಲ.

ಅವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಸಂಬಂಧವೇನೂ ಇಲ್ಲ. ಮದುವೆಯಾಗಿ ಅಜ್ಜಂಪುರಕ್ಕೆ ಬಂದು ಅವರ ಪಕ್ಕದ ಮನೆ ಸೇರಿದ ದಿನ, ಒಂದು ಚೊಂಬು ಹಾಲು ತಂದುಕೊಟ್ಟು, "ದೊಡ್ಡಮ್ಮ ಅನ್ನು. ಆಂಟಿ ಗೀಂಟಿ ಅನ್ಬೇಡ, ನನಗೆ ತಿರುಗಿ ನೋಡೋಕೇ ಗೊತ್ತಾಗಲ್ಲ" ಎಂದಿದ್ದರು. ಅಷ್ಟೇ. ಅವರ ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಮಗ ಈರುಳ್ಳಿ ಮಂಡಿ ನಡೆಸುತ್ತಾನೆ. ಸುಗ್ಗಿ ಬಂದರೆ ಅವರ ಹಜಾರದ ಒಂದು ಮೂಲೆಯಲ್ಲಿ ಮೂಟೆಗಳೂ ಟಿವಿ ನೋಡುತ್ತಾ ಕೂತಿರುತ್ತಿದ್ದವು. ದೊಡ್ಡಮ್ಮನ ಹಣೆಯಲ್ಲಿ ವಿಭೂತಿ, ದವಡೆಯಲ್ಲಿ ಒಂದು ಲವಂಗ. ಟಿವಿಯ ರಿಮೋಟಿಗೆ ಧೂಳು ಕೂರಬಾರದೆಂದು ಪ್ಲಾಸ್ಟಿಕ್ ಕವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಆ ಕವರಿನ ಮೇಲಿಂದಲೇ ಹೆಬ್ಬೆರಳಿನಲ್ಲಿ ಸದ್ದು ತೆಗೆಯುವ ಗುಂಡಿ ಒತ್ತುತ್ತಿದ್ದರು. ಉಳಿದ ಗುಂಡಿಗಳು ಎಲ್ಲಿವೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ಒಂದು ಗುಂಡಿ ಮಾತ್ರ ಕತ್ತಲಲ್ಲೂ ಸಿಗುತ್ತಿತ್ತು.

ನಮ್ಮ ಬೀದಿಯಲ್ಲಿ ಈಗ ಟಿವಿ ಇಲ್ಲದ ಮನೆ ಇಲ್ಲ. ಆದರೂ ಸಂಜೆ ನಾವು ಅಲ್ಲಿಗೇ ಹೋಗುತ್ತಿದ್ದೆವು. ನಮ್ಮ ಮನೆಯಲ್ಲಿ ಕೂತರೆ ಬರೀ ನೋಡುವುದು. ಅಲ್ಲಿ ಹೋದರೆ ವಿಚಾರಣೆ ಇರುತ್ತಿತ್ತು. ನಾನು ಹೋಗುತ್ತಿದ್ದೆ, ಎದುರು ಮನೆಯ ಗಂಗಮ್ಮ ಬರುತ್ತಿದ್ದರು, ಇನ್ನೂ ಒಬ್ಬಿಬ್ಬರು. ಗಂಗಮ್ಮ ಪಂಚನಹಳ್ಳಿ ಕಡೆಯವರು, ಬಾಯಿ ಜೋರು, ಮನಸ್ಸಿನಲ್ಲಿ ಏನೂ ಉಳಿಸಿಕೊಳ್ಳದವರು. ಹೊರಗೆ ಜಗಲಿಯ ಮೇಲೆ ರುದ್ರಣ್ಣ ಕೂರುತ್ತಿದ್ದರು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ತರೀಕೆರೆ ರೂಟಿನಲ್ಲೇ ಆಯುಷ್ಯ ಕಳೆದವರು. ಟಿವಿಗೆ ಬೆನ್ನು ಹಾಕಿ ಬೀದಿ ನೋಡುತ್ತಾ ಕೂತು, "ನಾನು ಗಾಳಿಗೆ ಕೂತಿದೀನಿ ಕಣ್ರಮ್ಮ, ನಿಮ್ಮ ಧಾರಾವಾಹಿಗಲ್ಲ" ಎನ್ನುತ್ತಿದ್ದರು. ಆದರೆ ಒಳಗೆ ಯಾರಾದರೂ ಕತೆ ತಪ್ಪು ಹೇಳಿದರೆ, "ಅವನು ಅವಳ ಮಾವ ಅಲ್ಲ, ಸೋದರಮಾವ" ಎಂದು ತಿರುಗಿ ನೋಡದೆಯೇ ತಿದ್ದುತ್ತಿದ್ದರು.

ವಿಚಾರಣೆ ನಡೆಯುತ್ತಿದ್ದುದು ಜಾಹೀರಾತಿನ ಹೊತ್ತಿನಲ್ಲಿ. ಸದ್ದು ಹೋದ ಕೂಡಲೇ ಗಂಗಮ್ಮ ಶುರು ಮಾಡುತ್ತಿದ್ದರು.

"ಥೂ, ಇವಳ ಮನೆ ಹಾಳಾಗ."

ದೊಡ್ಡಮ್ಮ ಕೈ ಎತ್ತುತ್ತಿದ್ದರು. "ತಡಿ. ಮೊದ್ಲು ವಕಾಲತ್ತು."

"ಯಾವ ಸುಖಕ್ಕೆ ವಕಾಲತ್ತು? ಹಾಲಿಗೆ ಏನೋ ಬೆರೆಸ್ತಾವ್ಳೆ, ಕಣ್ಣಾರೆ ನೋಡ್ತಾ ಇದೀವಿ."

"ನೋಡಿದೀಯ, ಸರಿ. ಯಾಕ್ ಬೆರೆಸ್ತಾವ್ಳೆ ಅಂತ ಅವಳ ಕಡೆಯಿಂದ ಒಂದ್ ಮಾತು ಹೇಳು. ಆಮೇಲೆ ನಿನ್ನ ಬೈಗುಳ ಕೇಳ್ತೀನಿ."

"ಹೊಟ್ಟೆಕಿಚ್ಚು. ಇನ್ನೇನು?"

"ಅದು ಬೈಗುಳ ಆಯ್ತು. ವಕಾಲತ್ತು ಹೇಳೇ."

"ಅಯ್ಯೋ ಶಿವನೇ." ಗಂಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಯೋಚಿಸುತ್ತಿದ್ದರು. "ಅವಳನ್ನ ಆ ಮನೇಲಿ ಒಬ್ರೂ ಕಾಫಿ ಕುಡಿದ್ಯಾ ಅಂತ ಕೇಳಲ್ಲ. ಸಾಕಾ?"

"ಸಾಕು. ಈಗ ಬೈ."

ಅಷ್ಟರಲ್ಲಿ ಜಾಹೀರಾತು ಮುಗಿದಿರುತ್ತಿತ್ತು. ಕೆಲವು ಸಲ ಮುಗಿಯದಿದ್ದರೂ ಬೈಯುವ ಉಮೇದು ಹೋಗಿರುತ್ತಿತ್ತು. ಹಾಗೆಂದು ದೊಡ್ಡಮ್ಮ ಯಾರನ್ನೂ ಬಿಟ್ಟುಬಿಡುತ್ತಿದ್ದರು ಎಂದಲ್ಲ. ಹಾಲಿಗೆ ಬೆರೆಸಿದ್ದು ತಪ್ಪು ಎಂದು ಅವರೇ ಕೊನೆಗೆ ಹೇಳುತ್ತಿದ್ದರು. ಹೇಳುವ ಮೊದಲು ಅವಳ ಪಕ್ಕದಲ್ಲಿ ಒಂದು ಗಳಿಗೆ ಕೂತು ಬಂದಿರಬೇಕು, ಅಷ್ಟೇ ಅವರ ಕಾನೂನು.

ಈ ಕಾನೂನು ಅವರಿಗೆ ಕಡೂರಿನ ಕೋರ್ಟಿನಿಂದ ಬಂದದ್ದು. ಹಿರೇನಲ್ಲೂರಿನ ಹತ್ತಿರದ ಒಂದು ಜಮೀನಿನ ಖಾತೆಯ ವಿಚಾರವಾಗಿ ಯಜಮಾನರು ಬಹಳ ವರ್ಷ ಕೇಸು ನಡೆಸಿದ್ದರು. ಅವರ ಊಟದ ಡಬ್ಬಿ ಹಿಡಿದು ಈಕೆಯೂ ಹೋಗಿ ಕೋರ್ಟಿನ ವರಾಂಡದಲ್ಲಿ ಕೂರುತ್ತಿದ್ದರು. ಒಂದು ದಿನ ಕೈಕೋಳ ಹಾಕಿದ ಒಬ್ಬನನ್ನು ಪೊಲೀಸರು ಕರೆತಂದರು. ಕೊಲೆ ಮಾಡಿದವನು ಎಂದು ಪಕ್ಕದವರು ಹೇಳಿದರು. ಅವನ ಕಡೆಯವರು ಯಾರೂ ಬಂದಿರಲಿಲ್ಲ. ಆದರೂ ಕರಿ ಕೋಟಿನವರೊಬ್ಬರು ಬಂದು ಅವನ ಕಿವಿಯಲ್ಲಿ ಏನೋ ಕೇಳಿ, ಅವನ ಜೊತೆಗೇ ಒಳಗೆ ಹೋದರು. "ಅವನಿಗೂ ಒಬ್ರು ಬಂದ್ರು ಕಣೇ, ಸರ್ಕಾರದೋರೇ ಕೊಟ್ಟಿದ್ರಂತೆ" ಎಂದು ದೊಡ್ಡಮ್ಮ ಆ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದಾರೆ. "ಕೊಲೆ ಮಾಡ್ದೋನಿಗೇ ಒಬ್ರನ್ನ ಕೊಡ್ತಾರೆ. ಈ ಟಿವಿ ಸೊಸೆ ಪಾಪ ಏನ್ ಮಾಡವ್ಳೆ?" ಯಜಮಾನರ ಕೇಸು ಸೋತುಹೋಯಿತು. ತೀರ್ಪಿನ ದಿನ ಬಸ್ಸಿನಲ್ಲಿ ವಾಪಸು ಬರುವಾಗ, ಎದುರು ಪಾರ್ಟಿಯ ವಕೀಲರ ವಾದ ಚೆನ್ನಾಗಿತ್ತು ಎಂದು ಈಕೆ ಹೇಳಿಬಿಟ್ಟರಂತೆ. ಯಜಮಾನರು ಸುಮಾರು ದಿನ ಮಾತು ಬಿಟ್ಟಿದ್ದರು.

ನನ್ನ ಮಗಳು ಚಿಕ್ಕವಳಿದ್ದಾಗ ಅವರ ಪಕ್ಕದಲ್ಲೇ ಕತೆ ಕೇಳಿ ಬೆಳೆದಳು. ಅವರ ಕತೆಗಳಲ್ಲಿ ನರಿ ಬಂದರೆ ಮೊದಲು ಅದಕ್ಕೆ ಎಷ್ಟು ಹಸಿವಾಗಿತ್ತು ಎಂದು ಹೇಳುತ್ತಿದ್ದರು, ಮೋಸ ಆಮೇಲೆ. ಶಾಲೆಯ ಪರೀಕ್ಷೆಯಲ್ಲಿ ನರಿಯ ಕತೆ ಕೊಟ್ಟು ಅದರ ನೀತಿ ಬರೆಯಿರಿ ಎಂದಿದ್ದರು. ಇವಳು "ನರಿಗೆ ಹಸಿವಾಗಿತ್ತು" ಎಂದು ಬರೆದು ಬಂದಳು. ಮೇಷ್ಟ್ರು ತಪ್ಪು ಹಾಕಿದರು. ಅಳುತ್ತಾ ಬಂದವಳಿಗೆ ದೊಡ್ಡಮ್ಮ, "ಮೇಷ್ಟ್ರು ಹೇಳ್ಕೊಟ್ಟಿದ್ದೇ ಬರಿ, ಮೊದ್ಲು ಪಾಸಾಗು. ನರಿ ವಿಚಾರ ಮನೇಲಿ ನೋಡ್ಕೊಳಣ" ಎಂದು ಸಮಾಧಾನ ಮಾಡಿದರು.

ಕೆಟ್ಟವರ ಮೇಲೆ ಇಷ್ಟು ಕರುಣೆ ಇದ್ದ ಅವರಿಗೆ ಧಾರಾವಾಹಿಯ ಒಳ್ಳೆಯವರನ್ನು ಕಂಡರೆ ತಾಳ್ಮೆ ಇರಲಿಲ್ಲ. ಯಾರು ಏನೆಂದರೂ ಬಾಯಿ ಬಿಡದೆ, ಮೂಲೆಯಲ್ಲಿ ನಿಂತು ಕಣ್ಣೀರು ಹಾಕುವ ನಾಯಕಿಯನ್ನು ನಾವೆಲ್ಲ "ಅಯ್ಯೋ ಪಾಪ, ಭೂಮಿತೂಕದ ಹೆಣ್ಣು" ಎನ್ನುತ್ತಿದ್ದರೆ, ಅವರು ತಲೆ ಆಡಿಸುತ್ತಿದ್ದರು. "ಭೂಮಿತೂಕವೂ ಇಲ್ಲ, ಏನೂ ಇಲ್ಲ. ಇವಳಿಗೆ ಜಂಬ. ನಾನ್ಯಾಕ್ ಹೇಳ್ಬೇಕು, ಅವರೇ ತಿಳ್ಕೊಳ್ಲಿ ಅನ್ನೋ ಜಂಬ. ಒಂದ್ ಮಾತು ಬಾಯ್ಬಿಟ್ಟು ಹೇಳಿದ್ರೆ ಈ ಧಾರಾವಾಹಿ ಹೋದ ದೀಪಾವಳಿಗೇ ಮುಗಿತಿತ್ತು."

ಈ ಮಾತನ್ನು ನಾನು ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಎಂದು ಈಚೆಗೆ ಅನ್ನಿಸುತ್ತದೆ.

ಒಂದು ಸಂಗತಿ ನಮ್ಮ ಬೀದಿಗೆಲ್ಲ ಗೊತ್ತಿತ್ತು, ಆದರೆ ಯಾರೂ ಆಡುತ್ತಿರಲಿಲ್ಲ. ಆ ಹಜಾರದಲ್ಲಿ ಧಾರಾವಾಹಿಯ ಹೆಸರಿನಲ್ಲಿ ನಮ್ಮ ನಮ್ಮ ಮನೆಯ ಜಗಳಗಳೂ ವಿಚಾರಣೆಗೆ ಬರುತ್ತಿದ್ದವು. ಗಂಗಮ್ಮ ತಮ್ಮ ಸೊಸೆಯ ಜೊತೆ ಮುನಿಸಿಕೊಂಡ ದಿನ, "ಅಲ್ಲಾ, ಆ ಅತ್ತೆ ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡಿದ್ದು ತಪ್ಪಾ?" ಎಂದು ಕೇಳುತ್ತಿದ್ದರು. ನಾವು ಸೊಸೆಯ ಪರ ವಕಾಲತ್ತು ಹೇಳುತ್ತಿದ್ದೆವು. ಗಂಗಮ್ಮ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು. ಮರುದಿನ ಅತ್ತೆ ಸೊಸೆ ಜೊತೆಯಲ್ಲಿ ಸಂತೆಗೆ ಹೊರಟಿರುತ್ತಿದ್ದರು. ನನ್ನ ನಾದಿನಿಯ ಮೇಲೆ ನನಗಿದ್ದ ಸಿಟ್ಟೂ ಅಲ್ಲೇ ಹೀಗೇ ಇಳಿದದ್ದು. ದೊಡ್ಡಮ್ಮನಿಗೆ ಎಲ್ಲ ತಿಳಿಯುತ್ತಿತ್ತು. ಇದು ನಿಮ್ಮನೆ ವಿಷಯ ಅಲ್ಲವಾ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಪಾತ್ರದ ಮರೆ ಇದ್ದರೇ ಮನುಷ್ಯ ಮಾತಾಡುವುದು ಎಂದು ಅವರಿಗೆ ಗೊತ್ತಿತ್ತು.

ಅವರದೇ ವಿಷಯವೊಂದು ಬರುವವರೆಗೆ ಎಲ್ಲ ಸರಿಯಾಗಿತ್ತು.

ಆಗ ಬರುತ್ತಿದ್ದ ಧಾರಾವಾಹಿಯಲ್ಲಿ ಅಕ್ಕ ತಂಗಿ ಇದ್ದರು. ಅಕ್ಕನನ್ನು ನಾವು ದೊಡ್ಡವಳು ಎನ್ನುತ್ತಿದ್ದೆವು. ತಂಗಿಗೆ ಮೊಣಕಾಲಿನವರೆಗೆ ಜಡೆ, ಅದಕ್ಕೇ ಜಡೆಯವಳು. ದೊಡ್ಡವಳು ತುಂಬಿದ ಬಸುರಿಯಾಗಿದ್ದಾಗ ತಂದೆ ತೀರಿಕೊಳ್ಳುತ್ತಾನೆ. ಅಕ್ಕನಿಗೆ ಆಘಾತವಾದೀತೆಂದು ಜಡೆಯವಳು ಸುದ್ದಿ ಮುಚ್ಚಿಡುತ್ತಾಳೆ. ಎಲ್ಲ ಮುಗಿದ ಮೇಲೆ ದೊಡ್ಡವಳಿಗೆ ಗೊತ್ತಾಗುತ್ತದೆ. "ಇವತ್ತಿಂದ ನನ್ನ ಪಾಲಿಗೆ ನೀನೂ ಇಲ್ಲ" ಎನ್ನುತ್ತಾಳೆ. ಅಲ್ಲಿಗೆ ಜಾಹೀರಾತು.

ದೊಡ್ಡಮ್ಮ ಸದ್ದು ತೆಗೆದರು. ಗಂಗಮ್ಮ ಅಭ್ಯಾಸದಂತೆ ತಾವೇ ಶುರು ಮಾಡಿದರು. "ಜಡೆಯೋಳು ಮಾಡಿದ್ದು ಅನ್ಯಾಯ. ಆದ್ರೆ ಮೊದ್ಲು ವಕಾಲತ್ತು, ಅಲ್ವಾ? ಇವತ್ತು ನೀವೇ ಹೇಳಿ ದೊಡ್ಡಮ್ಮ."

ದೊಡ್ಡಮ್ಮ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ತಂದರು. ಸದ್ದಿಲ್ಲದ ಟಿವಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. "ಇವಳಿಗಿಲ್ಲ" ಎಂದರು.

"ಹಂಗಂದ್ರೆ?"

"ಇವಳಿಗೆ ವಕಾಲತ್ತಿಲ್ಲ ಅಂದೆ." ಟಿವಿಯನ್ನೇ ಆರಿಸಿ ಒಳಗೆ ಹೋದರು. ಜಗಲಿಯ ಮೇಲಿಂದ ರುದ್ರಣ್ಣ ತಿರುಗಿ ನೋಡಿದರು. ಅವರು ತಿರುಗಿ ನೋಡಿದ್ದನ್ನು ನಾನು ಕಂಡದ್ದು ಅವತ್ತೇ.

ಅವರಿಗೊಬ್ಬ ತಂಗಿ ಇದ್ದಾರೆ, ತರೀಕೆರೆಯಲ್ಲಿ. ತಾಯಿ ಕೊನೆಯ ದಿನಗಳಲ್ಲಿ ಆ ತಂಗಿಯ ಮನೆಯಲ್ಲಿದ್ದರು. ಅದೇ ಹೊತ್ತಿಗೆ ದೊಡ್ಡಮ್ಮನ ಯಜಮಾನರಿಗೆ ಆಪರೇಷನ್ ಆಗಿ, ಇವರು ಶಿವಮೊಗ್ಗದಲ್ಲಿ ಅವರ ಹಾಸಿಗೆ ಪಕ್ಕ ಇದ್ದರು. ತಾಯಿ ಹೋದಾಗ ತಂಗಿ ಆ ಸುದ್ದಿಯನ್ನು ಆಸ್ಪತ್ರೆಗೆ ಮುಟ್ಟಿಸಲಿಲ್ಲ. ಗಂಡನ ಜೀವ ಹಿಡಿದು ಕೂತವಳಿಗೆ ಇದನ್ನು ಹೇಗೆ ಹೇಳುವುದು, ಊರಿಗೆ ಬಂದ ಮೇಲೆ ಹೇಳೋಣ ಎಂದು ಮನೆಯವರೆಲ್ಲ ಅಂದುಕೊಂಡರಂತೆ. ದೊಡ್ಡಮ್ಮ ಹೋಗುವ ಹೊತ್ತಿಗೆ ತಾಯಿ ಮಣ್ಣಾಗಿ ದಿನಗಳು ಕಳೆದಿದ್ದವು. "ನನ್ನ ತಾಯಿ ಮುಖ ನನಗೆ ತೋರಿಸ್ಲಿಲ್ಲ" ಎಂದು ಅಂದು ಎದ್ದು ಬಂದವರು ಮತ್ತೆ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಒಂದೇ ಚಪ್ಪರದ ಕೆಳಗೆ ಕೂತರೂ ಇಬ್ಬರಿಗೂ ಮಾತಿರಲಿಲ್ಲ.

ನಾನು ಸೀರೆಗೆ ಫಾಲ್ ಹಾಕಿ ಹೊಟ್ಟೆ ಹೊರೆಯುವವಳು. ವಾರಕ್ಕೊಮ್ಮೆ ತರೀಕೆರೆಯ ಬಟ್ಟೆ ಅಂಗಡಿಗೆ ಹೋಗಿ ಸೀರೆ ತರುತ್ತೇನೆ, ಹಾಕಿದ್ದನ್ನು ಕೊಟ್ಟು ಬರುತ್ತೇನೆ. ಆ ಅಂಗಡಿಯ ಹಿಂದಿನ ಓಣಿಯಲ್ಲೇ ತಂಗಿಯ ಮನೆ. ಅಕ್ಕನನ್ನು ನಾನು ದೊಡ್ಡಮ್ಮ ಎಂದಿದ್ದರಿಂದ ಇವರು ತಾವಾಗಿಯೇ ಚಿಕ್ಕಮ್ಮ ಆದರು. ನೀರು ಕುಡಿಯಲು ಕರೆಯುತ್ತಿದ್ದರು, ಊರಿನವರ ಕ್ಷೇಮ ಎಲ್ಲ ಕೇಳುತ್ತಿದ್ದರು, ಒಬ್ಬರದು ಬಿಟ್ಟು. ಟಿವಿ ಆರಿಸಿದ ಆ ವಾರ ಹೋದಾಗ, ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು.

"ನಿಮ್ಮ ದೊಡ್ಡಮ್ಮ ಆ ಅಕ್ಕ ತಂಗಿ ಧಾರಾವಾಹಿ ನೋಡ್ತಾಳಾ?"

"ನೋಡ್ತಾರೆ ಚಿಕ್ಕಮ್ಮ."

"ಜಡೆಯೋಳ್ನ ಏನಂತಾಳೆ?"

ಅವರೂ ಅವಳನ್ನು ಜಡೆಯವಳು ಎಂದೇ ಕರೆಯುತ್ತಿದ್ದರು. "ಏನೂ ಅನ್ಲಿಲ್ಲ. ಟಿವಿ ಆರಿಸಿ ಎದ್ದು ಹೋದ್ರು" ಎಂದೆ.

ಚಿಕ್ಕಮ್ಮ ಒಂದು ಕಲ್ಲು ಹುಡುಕಿ ತೆಗೆದು ಎಸೆದರು. "ಬೈದಿದ್ರೆ ಚೆನ್ನಾಗಿರೋದು" ಎಂದರು.

ಬಂದು ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ. ಮುಂದಿನ ವಾರ ನಾನು ಸೀರೆ ಗಂಟು ಹಿಡಿದು ಹೊರಟಾಗ ಬಾಗಿಲಿಗೆ ಬಂದು, "ಹೇಳೋಕೆ ಭಯ ಆಗಿತ್ತು, ಸರಿ. ಆಮೇಲಾದ್ರೂ ಬಂದು ತಪ್ಪಾಯ್ತು ಅನ್ಬಹುದಿತ್ತಲ್ಲ ಜಡೆಯೋಳು" ಎಂದರು. ಯಾರಿಗೆ ಹೇಳಬೇಕು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ತರೀಕೆರೆಯಲ್ಲಿ ಚಿಕ್ಕಮ್ಮ ಅದನ್ನು ಕೇಳಿ ನನ್ನ ಮುಖ ನೋಡಿದರು. "ಬಂದಿದ್ಲಲ್ಲ. ಬಿಸಿಲಲ್ಲಿ ಬಾಗಿಲ ಮುಂದೆ ನಿಂತು ಕೂಗಿದ್ಲಲ್ಲ. ದೊಡ್ಡೋಳು ಒಳಗಿಂದ ಚಿಲಕ ಹಾಕ್ಕೊಂಡ್ಳು. ಆ ಎಪಿಸೋಡ್ ನಿಮ್ಮ ದೊಡ್ಡಮ್ಮ ನೋಡ್ಲಿಲ್ವಂತಾ?"

ನಾನು ಆ ಧಾರಾವಾಹಿಯನ್ನು ಒಂದು ದಿನವೂ ಬಿಟ್ಟವಳಲ್ಲ. ಅಂಥ ಎಪಿಸೋಡ್ ಅದರಲ್ಲಿ ಬಂದೇ ಇರಲಿಲ್ಲ.

ಅಂದು ಸಂಜೆ ಬೇರೆ ಯಾರೂ ಬರುವ ಮೊದಲೇ ಹೋಗಿ ದೊಡ್ಡಮ್ಮನಿಗೆ ಹೇಳಿದೆ. ಅಂಥದ್ದೆಲ್ಲಿ ಬಂತು ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ರಿಮೋಟಿನ ಮೇಲಿನ ರಬ್ಬರ್ ಬ್ಯಾಂಡನ್ನು ಎಳೆಯುತ್ತಾ ಬಿಡುತ್ತಾ ಕೂತಿದ್ದರು.

"ನೋಡಿದೀನಿ ಅನ್ನು" ಎಂದರು. ರಿಮೋಟನ್ನು ಕೆಳಗಿಟ್ಟು ಮತ್ತೆ ಹೇಳಿದರು, "ದೊಡ್ಡೋಳು ಒಳಗೆ ಚಿಲಕದ ಮೇಲೆ ಕೈ ಇಟ್ಕೊಂಡೇ ನಿಂತಿದ್ಲು ಅಂತ ಹೇಳು. ಇನ್ನೊಂದ್ ಸಲ ಕೂಗಿದ್ರೆ ತೆಗಿತಿದ್ಲು. ಅದೂ ಬಂತು ಧಾರಾವಾಹಿಲಿ, ಅಂತ ಹೇಳು."

ಹೋಗಿ ಹೇಳಿದೆ. ಚಿಕ್ಕಮ್ಮ ಹಿತ್ತಿಲಿಗೆ ಹೋದರು. ಮುಖ ತೊಳೆದುಕೊಂಡು ಬಂದು, ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿದರು.

ಹೀಗೆ ಒಂದು ಮಳೆಗಾಲ ನಡೆಯಿತು. ಟಿವಿಯೊಳಗಿನ ಅಕ್ಕ ತಂಗಿ ಒಂದು ಕಡೆ, ನನ್ನ ಬಾಯಲ್ಲಿ ಓಡಾಡುತ್ತಿದ್ದ ಅಕ್ಕ ತಂಗಿ ಇನ್ನೊಂದು ಕಡೆ. ನನ್ನ ಬಾಯಲ್ಲಿನವರು ಬೇಗ ಬೇಗ ಹತ್ತಿರ ಬರುತ್ತಿದ್ದರು. ಆದರೆ ಹತ್ತಿರ ಬಂದಷ್ಟೂ ಇಬ್ಬರೂ ಟಿವಿಯವರ ಕಡೆ ನೋಡುತ್ತಿದ್ದರು. ಅವರು ಒಂದಾಗಲಿ, ಆಮೇಲೆ ನಾವು. ಹಾಗೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ದೊಡ್ಡಮ್ಮ ಒಂದು ದಿನ, "ದೊಡ್ಡೋಳು ಮಗೂಗೆ ಹೆಸರಿಡೋ ದಿನ ಜಡೆಯೋಳ್ನ ಕರೀತಾಳೆ ನೋಡ್ತಿರು" ಎಂದರು. ಆ ವಾರ ಚಿಕ್ಕಮ್ಮನೂ, "ನಾಮಕರಣಕ್ಕೆ ಕರೀಬಹುದು, ಅಲ್ವೇ?" ಎಂದು ಕೇಳಿದರು. ಅವರು ಹೊಸ ಸೀರೆಗೆ ಫಾಲ್ ಹಾಕಲು ಕೊಟ್ಟರು. ಯಾವತ್ತಿಗೆ ಬೇಕು ಎಂದರೆ, "ನಿಧಾನಕ್ಕೆ ಹಾಕು" ಎಂದರು.

ಆಮೇಲೆ ಆ ಧಾರಾವಾಹಿಯನ್ನು ಇದ್ದಕ್ಕಿದ್ದಂತೆ ಮುಗಿಸಿಬಿಟ್ಟರು. ನೋಡುವವರು ಕಮ್ಮಿಯಾದರೋ ಏನೋ, ಆ ಹೊತ್ತಿಗೆ ಬೇರೆ ಕಾರ್ಯಕ್ರಮ ಬರುತ್ತದೆ ಎಂದು ಕೆಳಗೆ ಅಕ್ಷರ ಓಡಿಸಿದರು. ಜಡೆಯವಳನ್ನು ಯಾವುದೋ ಊರಿಗೆ ರೈಲು ಹತ್ತಿಸಿ ಕಳಿಸಿದರು. ಕೊನೆಯ ದಿನ ನಾಮಕರಣ ಆಯಿತು, ಎಲ್ಲರೂ ನಕ್ಕು ಫೋಟೋಕ್ಕೆ ನಿಂತರು. ಜಡೆಯವಳ ಹೆಸರನ್ನು ಯಾರೂ ಎತ್ತಲಿಲ್ಲ. ಶುಭಂ ಎಂದು ಬಂತು.

"ಅಯ್ಯ, ಜಡೆಯೋಳು?" ಎಂದರು ಗಂಗಮ್ಮ. "ಅವಳ ಕತೆ ಏನಾಯ್ತು?"

ಜಾಹೀರಾತು ಶುರುವಾಗಿ ಅದರ ಹಾಡು ಹಜಾರವನ್ನೆಲ್ಲ ತುಂಬಿತ್ತು. ರಿಮೋಟ್ ದೊಡ್ಡಮ್ಮನ ತೊಡೆಯ ಮೇಲೇ ಇತ್ತು, ಹೆಬ್ಬೆರಳು ಮೇಲೇಳಲಿಲ್ಲ. "ಇದನ್ನ ಬರ್ದೋನಿಗೆ ಒಡಹುಟ್ಟಿದೋರು ಯಾರೂ ಇಲ್ಲ ಅಂತ ಕಾಣುತ್ತೆ" ಎಂದರು.

ತರೀಕೆರೆಯಲ್ಲಿ ಚಿಕ್ಕಮ್ಮ, "ಇನ್ನೂ ಸುಮಾರು ದಿನ ನಡಿಯುತ್ತೆ ಅಂದ್ಕೊಂಡಿದ್ದೆ" ಎಂದರು. ಫಾಲ್ ಹಾಕಿದ ಸೀರೆ ಕೊಟ್ಟೆ. ತೆಗೆದುಕೊಂಡು ಬೀರುವಿನಲ್ಲಿಟ್ಟರು.

ಅಲ್ಲಿಂದ ಮುಂದೆ ನಾನು ಹೊತ್ತುಕೊಂಡು ಹೋಗಲು ಏನೂ ಇರಲಿಲ್ಲ. ಹೊಸ ಧಾರಾವಾಹಿಯಲ್ಲಿ ಅಣ್ಣ ತಮ್ಮಂದಿರ ಕತೆ ಬಂತು. ಇಬ್ಬರಿಗೂ ಅದು ಬೇಡವಾಗಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ. "ದೊಡ್ಡಮ್ಮ, ನೀವೇ ಒಂದ್ ಸಲ ಬಂದುಬಿಡಿ. ನನ್ ಜೊತೆ ಬಸ್ಸಲ್ಲಿ ಹೋಗಿ ಬರೋಣ."

"ಹೋಗಿ ಏನಂತ ಹೇಳ್ಲಿ?"

"ಏನೂ ಹೇಳ್ಬೇಡಿ."

"ಹೇಳ್ದೇ ಇದ್ರೆ ಆ ಮೂಲೇಲಿ ನಿಂತು ಅಳೋಳ ಥರ ಆಗ್ತೀನಲ್ಲೇ" ಎಂದು ನಕ್ಕರು. ನಗು ಬೇಗ ಹೋಯಿತು.

ಜಗಲಿಯಿಂದ ರುದ್ರಣ್ಣ ಹೇಳಿದರು. "ತರೀಕೆರೆಗೇನು ಬಸ್ಸಿಗೆ ಬರವೇ ಕಣ್ರಮ್ಮ? ಒಂದು ಹೋದ್ರೆ ಅದರ ಹಿಂದೇನೇ ಇನ್ನೊಂದಿರುತ್ತೆ. ಎದ್ದು ಹೋಗಿ ಬರ್ರೀ ಸುಮ್ನೆ."

ಆ ವಾರ ದೊಡ್ಡಮ್ಮ ಹೊರಟರು. ಇಳಕಲ್ ಸೀರೆ ಉಟ್ಟು, ವಿಭೂತಿ ಹೊಸದಾಗಿ ಹಚ್ಚಿಕೊಂಡು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ದಾರಿಯುದ್ದಕ್ಕೂ ಮಾತಾಡಿದರು. ತಂಗಿ ಹುಟ್ಟಿದಾಗ ತಾವೇ ಜೋಲಿ ತೂಗಿದ್ದು, ಅವಳಿಗೆ ತಲೆ ಬಾಚಿದರೆ ಅತ್ತು ಊರು ಒಂದು ಮಾಡುತ್ತಿದ್ದದ್ದು. ತರೀಕೆರೆ ಹತ್ತಿರ ಬಂದಂತೆ ಮಾತು ಕಮ್ಮಿಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿದ್ದ ಕಲ್ಲು ಬೆಂಚಿನ ಮೇಲೆ ಕೂತರು.

"ನೀನ್ ಹೋಗಿ ಸೀರೆ ಕೊಟ್ ಬಾ. ನಾನಿಲ್ಲೇ ಇರ್ತೀನಿ."

"ಇಲ್ಲೀವರೆಗೂ ಬಂದು?"

"ಇಲ್ಲೀವರೆಗೂ ಬಂದೆ ಅಂತ ಹೇಳು" ಎಂದರು. ಕಣ್ಣು ಬಸ್ಸುಗಳ ಮೇಲಿತ್ತು.

ನಾನು ಓಡಿಕೊಂಡೇ ಹೋದೆ. ಚಿಕ್ಕಮ್ಮ ಒಲೆಯ ಮುಂದೆ ಕೋಡುಬಳೆ ಕರಿಯುತ್ತಿದ್ದರು. ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾರೆ ಎಂದೆ. ಕೈ ಅಲ್ಲೇ ನಿಂತಿತು. ಎಣ್ಣೆಯಲ್ಲಿದ್ದ ಕೋಡುಬಳೆ ಕಪ್ಪಾಗುವವರೆಗೂ ಅವರು ಅದನ್ನು ತೆಗೆಯಲಿಲ್ಲ. ಆಮೇಲೆ ಒಲೆ ಆರಿಸಿ, ಸೆರಗು ಸರಿ ಮಾಡಿಕೊಂಡು, ಬಾಗಿಲವರೆಗೆ ಬಂದರು. ಬಾಗಿಲಲ್ಲಿ ನಿಂತರು.

"ಅಷ್ಟು ದೂರದಿಂದ ಬಂದೋಳಿಗೆ ಇನ್ನಿಷ್ಟು ದೂರ ಬರೋಕಾಗಲ್ವಂತಾ?"

"ನೀವು ಬನ್ನಿ ಚಿಕ್ಕಮ್ಮ. ಇಲ್ಲೇ ಅಲ್ವಾ."

"ನಾನು ಒಂದ್ ಸಲ ಹೋಗಿದ್ದೆ" ಎಂದರು. "ಬಿಸಿಲಲ್ಲಿ ನಿಂತಿದ್ದೆ." ಒಳಗೆ ಹೋಗಿ ಬಿಸಿ ಕೋಡುಬಳೆಯನ್ನು ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು. ಓಣಿಯ ತುದಿಯವರೆಗೆ ನನ್ನ ಜೊತೆ ಬಂದರು. ಅಲ್ಲಿ ನಿಂತರು. ನಾನು ಎಷ್ಟು ಸಲ ತಿರುಗಿ ನೋಡಿದರೂ ಅಲ್ಲೇ ನಿಂತಿದ್ದರು.

ದೊಡ್ಡಮ್ಮ ವಾಪಸು ಬರುವ ದಾರಿಯಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು, ತೆಗೆಯಲಿಲ್ಲ. ಮನೆಗೆ ಬಂದು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. "ಓಂಕಾಳು ಜಾಸ್ತಿ ಹಾಕವ್ಳೆ" ಎಂದರು. "ಅಮ್ಮನೂ ಹಿಂಗೇ ಹಾಕ್ತಿದ್ಲು."

ಖಾಲಿ ಡಬ್ಬಿಯನ್ನು ಅವರು ವಾಪಸು ಕಳಿಸಲಿಲ್ಲ. ತಾವೇ ಹೋಗಿ ಕೊಡುತ್ತೇನೆ ಎಂದರು. ಡಬ್ಬಿ ಟಿವಿಯ ಪಕ್ಕದಲ್ಲಿ ಇತ್ತು. ಚಳಿ ಕಳೆಯಲಿ ಎಂದರು. ಈರುಳ್ಳಿ ಲೋಡು ಹೋಗಲಿ, ಮಗ ಬಿಡುವಾಗುತ್ತಾನೆ ಎಂದರು. ಆಮೇಲೆ ಎದೆನೋವು ಬಂತು, ಮಲಗಿದರು. ಮಲಗಿದವರನ್ನು, ಚಿಕ್ಕಮ್ಮನಿಗೆ ಫೋನು ಹಾಕಿ ಕೊಡಲೇ ಎಂದು ನಾನು ಕೇಳಿದೆ. ಬೇಡ ಎಂದು ತಲೆ ಆಡಿಸಿದರು. ಫೋನಿನಲ್ಲಿ ಆಗುವ ಮಾತಲ್ಲ ಎಂದರು. ತರೀಕೆರೆಗೆ ನಾನೇ ಹೋಗಿ ಹೇಳಿದ್ದೂ ಆಯಿತು. "ಅವಳು ಬಾ ಅಂದ್ಳಾ?" ಎಂದು ಚಿಕ್ಕಮ್ಮ ಕೇಳಿದರು. ಅಂದರು ಎಂದು ಹೇಳಲು ನನಗೆ ಸುಳ್ಳು ಬರಲಿಲ್ಲ.

ಎಲ್ಲರ ಪರವಾಗಿ ಒಂದು ಮಾತು ಹುಡುಕಿ ಕೊಡುತ್ತಿದ್ದವರು ಇವರು. ತಂಗಿಯ ಪರವಾಗಿ ಹೇಳಬೇಕಾದ ಮಾತು ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದನ್ನು ತಂಗಿಯ ಎದುರು ನಿಂತು ಹೇಳುವುದೊಂದೇ ಬಾಕಿ ಇತ್ತು. ಅದೊಂದು ಆಗಲಿಲ್ಲ.

ಅವರು ಬೆಳಗಿನ ಹೊತ್ತು ಹೋದರು. ಟಿವಿಗೆ ಬೆಡ್‌ಶೀಟ್ ಮುಚ್ಚಿ, ಅದರ ಮುಂದೆಯೇ, ಅವರು ದಿನಾ ಕೂರುತ್ತಿದ್ದ ಜಾಗದಲ್ಲೇ ಅವರನ್ನು ಕೂರಿಸಿದರು. ಮಗ ತರೀಕೆರೆಗೆ ಫೋನು ಮಾಡಿದ. ಹತ್ತಿರದ ಊರುಗಳವರೆಲ್ಲ ಬಂದರು, ದೇವನೂರಿನಿಂದ ಸೊಸೆಯ ತವರಿನವರು ಬಂದರು, ಮಠದಿಂದ ಅಯ್ಯನವರು ಬಂದು ಕೂತರು. ಬಿಸಿಲು ಏರಿತು. ಇನ್ನು ಯಾರು ಬರಬೇಕು ಎಂದು ಅಯ್ಯನವರು ಕೇಳಿದರು.

"ಚಿಕ್ಕಮ್ಮ ಬರೋದಿದೆ" ಎಂದ ಮಗ. "ಅಮ್ಮ ಹೇಳವ್ರೆ. ಅವಳು ಬಂದು ಮುಖ ನೋಡೋವರೆಗೂ ನನ್ನ ಎತ್ಬೇಡಿ, ಎಷ್ಟೊತ್ತಾದ್ರೂ ಸರಿ ಅಂತ."

ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾದೆವು. ಊಟದ ಹೊತ್ತು ಮೀರಿತು. ಹೂವು ಬಾಡಿತು. ಹೊರಗೆ ನಿಂತವರು ಗುಸುಗುಸು ಶುರು ಮಾಡಿದರು. ಬಿಸಿಲು ಇಳಿಯುವ ಹೊತ್ತಿಗೆ ಚಿಕ್ಕಮ್ಮ ಬೀದಿಯ ತಿರುವಿನಲ್ಲಿ ಕಂಡರು, ಒಬ್ಬರೇ, ನಾನು ಫಾಲ್ ಹಾಕಿದ ಆ ಸೀರೆ ಉಟ್ಟು. ಹೊಸ್ತಿಲಲ್ಲಿ ನಿಂತು ಬಾಗಿಲ ಚಿಲಕವನ್ನು ಒಂದು ಸಲ ನೋಡಿದರು. ಒಳಗೆ ಹೋಗಿ ಅಕ್ಕನ ಎದುರಿಗೆ ಕೂತು ಎರಡೂ ಕೈಯಲ್ಲಿ ಅವರ ಮುಖ ಹಿಡಿದುಕೊಂಡರು. ಅಳುವ ಸದ್ದು ಬರಲಿಲ್ಲ.

ಗಂಗಮ್ಮ ನನ್ನ ಪಕ್ಕದಲ್ಲಿ ಜಗಲಿಗೆ ಒರಗಿ ನಿಂತಿದ್ದರು. ಬೆಳಗಿನಿಂದ ಅತ್ತಿದ್ದರು. "ಈಗ ಬಂದ್ಲು ನೋಡು ಮಾರಾಯ್ತಿ" ಎಂದರು. "ಬದುಕಿದ್ದಾಗ ಬರ್ಲಿಲ್ಲ. ಸತ್ತೋರ್ನೂ ಬೆಳಗಿಂದ ಕಾಯಿಸಿ..."

ರುದ್ರಣ್ಣ ಎಂದಿನಂತೆ ಮನೆಗೆ ಬೆನ್ನು ಹಾಕಿ ಬೀದಿ ನೋಡುತ್ತಾ ಕೂತಿದ್ದರು. "ಗಂಗಮ್ಮ" ಎಂದರು. "ಮೊದ್ಲು ವಕಾಲತ್ತು."

ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಒಳಗೆ ನೋಡಿದರು, ನೆಲ ನೋಡಿದರು. ಬಹಳ ಹೊತ್ತು ಹುಡುಕಿದರು.

"ಬಸ್ ಸಿಕ್ಕಿರಲ್ಲ ಪಾಪ" ಎಂದರು.

"ಹೂಂ" ಎಂದರು ರುದ್ರಣ್ಣ. "ಆ ರೂಟಲ್ಲಿ ಬಸ್ ಸಿಗೋದು ಕಷ್ಟ."